ವೈಟ್‌ಫೀಲ್ಡಿನಿಂದ ದೇವನಹಳ್ಳಿಗೆ

ಬೆಳಗಿನ ಎಂಟೂವರೆಯ ಹೊತ್ತಿಗೆ ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ಸತ್ಯಸಾಯಿ ಆಸ್ಪತ್ರೆಯ ಮೆಟ್ರೊ ನಿಲ್ದಾಣದ ಕೆಳಗೆ ನಿಂತರೆ ದಿನವೂ ನಡೆಯುವ ಜಾತ್ರೆಯೊಂದು ಕಣ್ಣಿಗೆ ಬೀಳುತ್ತದೆ. ಮೆಟ್ಟಿಲಿಳಿದು ಬರುವವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನವರು. ಬೆನ್ನಿಗೊಂದು ಚೀಲ, ಕೊರಳಿಗೊಂದು ಪಟ್ಟಿ, ಪಟ್ಟಿಯ ತುದಿಯಲ್ಲಿ ಗುರುತಿನ ಚೀಟಿ. ತೆಲುಗು, ಹಿಂದಿ, ತಮಿಳು, ಮಲಯಾಳ, ಬಂಗಾಳಿ ಮಾತುಗಳ ನಡುವೆ ಅಲ್ಲೊಂದು ಇಲ್ಲೊಂದು ಧಾರವಾಡದ ಕನ್ನಡವೂ ಕಿವಿಗೆ ಬೀಳುವುದುಂಟು. ಪಕ್ಕದಲ್ಲೇ ಇಡ್ಲಿ, ಚಿತ್ರಾನ್ನದ ತಳ್ಳುಗಾಡಿ, ಆಟೋಗಳ ಸಾಲು. ಹತ್ತು ಗಂಟೆಯ ಹೊತ್ತಿಗೆ ಜಾತ್ರೆ ಕರಗಿ ಸುತ್ತಲಿನ ಗಾಜಿನ ಕಟ್ಟಡಗಳೊಳಗೆ ಸೇರಿಬಿಡುತ್ತದೆ. ಹೊರಗೆ ಉಳಿಯುವವರು ಗಾಡಿಯವನು, ಗೇಟಿನ ಕಾವಲುಗಾರ, ಮರದ ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡು ನಿದ್ದೆ ತೆಗೆಯುವ ಚಾಲಕ.

ಈ ಕಟ್ಟಡಗಳ ಸಾಲಿನಲ್ಲಿ ಒಂದು ಸಮೂಹ ಜರ್ಮನಿಯ ಎಸ್‌ಎಪಿ ಎಂಬ ತಂತ್ರಾಂಶ ಕಂಪನಿಯದು. 1998ರಲ್ಲಿ ಬೆಂಗಳೂರಿನಲ್ಲಿ ಸಣ್ಣದಾಗಿ ಶುರುವಾದ ಅದರ ಕೇಂದ್ರ ಇಂದು ಜರ್ಮನಿಯ ಹೊರಗೆ ಆ ಕಂಪನಿಗಿರುವ ಅತಿ ದೊಡ್ಡ ಸಂಶೋಧನಾ ಕೇಂದ್ರವಾಗಿ ಬೆಳೆದಿದೆ. ವೈಟ್‌ಫೀಲ್ಡಿನ ಜಾಗ ಸಾಲದಾಗಿ, 2025ರ ಆಗಸ್ಟಿನಲ್ಲಿ ದೇವನಹಳ್ಳಿಯ ಬಳಿ ಸುಮಾರು 41 ಎಕರೆಯಲ್ಲಿ ಅದರ ಇನ್ನೊಂದು ಕ್ಯಾಂಪಸ್ಸು ಉದ್ಘಾಟನೆಯಾಯಿತು. ಅಲ್ಲಿ 15 ಸಾವಿರ ಮಂದಿ ಕೂತು ಕೆಲಸ ಮಾಡಬಹುದು.

ವೈಟ್‌ಫೀಲ್ಡಿಗೂ ದೇವನಹಳ್ಳಿಗೂ ಸುಮಾರು ನಲವತ್ತು ಕಿಲೋಮೀಟರು. ವಿದೇಶಿ ಕಂಪನಿಯೊಂದು ಬಂದಾಗ ಊರಿಗೆ ಏನು ಸಿಗುತ್ತದೆ, ಊರು ಏನು ಕಳೆದುಕೊಳ್ಳುತ್ತದೆ ಎಂದು ತಿಳಿಯಬೇಕಾದರೆ ಈ ನಲವತ್ತು ಕಿಲೋಮೀಟರನ್ನು ನಿಧಾನವಾಗಿ ಸುತ್ತಿ ನೋಡಬೇಕು. ಅದಕ್ಕೂ ಮೊದಲು ಕಂಪನಿಯ ತವರೂರನ್ನು ಒಮ್ಮೆ ಕಂಡು ಬರುವುದು ಒಳ್ಳೆಯದು. ಏಕೆಂದರೆ ಅದೂ ಒಂದು ಸಣ್ಣ ಊರೇ.

ಕಟುಕನ ಮಗ ಬಿಟ್ಟುಹೋದ ಊರು

ಜರ್ಮನಿಯ ನೈಋತ್ಯ ಭಾಗದಲ್ಲಿ, ಹೈಡೆಲ್‌ಬರ್ಗ್ ನಗರದ ದಕ್ಷಿಣಕ್ಕೆ, ರೈನ್ ನದಿಯ ಬಯಲಿನಲ್ಲಿ ವಾಲ್‌ಡಾರ್ಫ್ ಇದೆ. ಮರಳು ಬೆರೆತ ನೆಲ. ನಮ್ಮ ಶತಾವರಿಯ ಬಂಧುವಾದ ಆಸ್ಪರಾಗಸ್ ಎಂಬ ತರಕಾರಿಗೆ ಆ ಸೀಮೆ ಹೆಸರುವಾಸಿ. ವಸಂತ ಬಂತೆಂದರೆ ಮಣ್ಣಿನ ಏರಿಯೊಳಗಿಂದ ಅದರ ಬಿಳಿಯ ಮೊಳಕೆಗಳನ್ನು ಕೈಯಿಂದಲೇ ಬಗೆದು ತೆಗೆಯುತ್ತಾರೆ. ಊರಿನ ಜನಸಂಖ್ಯೆ ಸುಮಾರು 15 ಸಾವಿರ. ಅಂದರೆ ವಾಲ್‌ಡಾರ್ಫಿನ ಮುದುಕರು ಮಕ್ಕಳಾದಿಯಾಗಿ ಎಲ್ಲರೂ ಎದ್ದು ಬಂದರೂ ದೇವನಹಳ್ಳಿಯ ಹೊಸ ಕ್ಯಾಂಪಸ್ಸಿನಲ್ಲಿ ಹೆಚ್ಚುಕಡಿಮೆ ಹಿಡಿಸಿಬಿಡುತ್ತಾರೆ.

ಈ ಊರಿಗೆ ಮೊದಲು ಹೆಸರು ತಂದವನು ಊರು ಬಿಟ್ಟು ಹೋದವನೊಬ್ಬ. ಜೋಹಾನ್ ಜಾಕೋಬ್ ಆಸ್ಟರ್ 1763ರಲ್ಲಿ ಇಲ್ಲಿ ಕಟುಕನೊಬ್ಬನ ಮಗನಾಗಿ ಹುಟ್ಟಿದ. ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಅಮೆರಿಕ ಸೇರಿ, ತುಪ್ಪಳದ ಚರ್ಮದ ವ್ಯಾಪಾರದಲ್ಲೂ ನ್ಯೂಯಾರ್ಕಿನ ನಿವೇಶನಗಳಲ್ಲೂ ದುಡ್ಡು ಮಾಡಿ, 1848ರಲ್ಲಿ ಸಾಯುವ ಹೊತ್ತಿಗೆ ಆ ದೇಶದ ಅತಿ ದೊಡ್ಡ ಶ್ರೀಮಂತನೆನಿಸಿದ್ದ. ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಹೆಸರಿನಲ್ಲಿ ಊರೂ ಇದೆ, ಮನೆತನವೂ ಇದೆ. ಆತ ಹುಟ್ಟೂರನ್ನು ಮರೆಯಲಿಲ್ಲ. ಉಯಿಲಿನಲ್ಲಿ ಬರೆದಿಟ್ಟ ಹಣದಿಂದ ಊರಿನ ಬಡವರಿಗೂ ಅನಾಥ ಮಕ್ಕಳಿಗೂ ಒಂದು ಆಶ್ರಯದ ಮನೆ ಎದ್ದಿತು.

ಒಂದು ಕಾಲಕ್ಕೆ ಕೆಲಸ ಹುಡುಕಿಕೊಂಡು ಜನ ಬಿಟ್ಟುಹೋಗುತ್ತಿದ್ದ ಇಂಥ ಊರಿಗೆ ಇಂದು ಕೆಲಸ ಹುಡುಕಿಕೊಂಡು ಜನ ಬರುತ್ತಾರೆ. ಅದಕ್ಕೆ ಕಾರಣ 1972ರಲ್ಲಿ ಐಬಿಎಂ ಬಿಟ್ಟು ಹೊರಬಂದ ಐವರು. ಡೀಟ್‌ಮಾರ್ ಹಾಪ್, ಹಾಸ್ಸೋ ಪ್ಲಾಟ್ನರ್ ಮೊದಲಾದ ಆ ಐವರಿಗೆ ಸ್ವಂತ ಕಂಪ್ಯೂಟರೂ ಇರಲಿಲ್ಲ. ಗಿರಾಕಿಗಳ ಯಂತ್ರಗಳು ಖಾಲಿ ಇರುತ್ತಿದ್ದ ರಾತ್ರಿಗಳಲ್ಲಿ, ವಾರದ ಕೊನೆಯ ರಜೆಗಳಲ್ಲಿ ಅಲ್ಲಿಗೇ ಹೋಗಿ ಕೆಲಸ ಮಾಡುತ್ತಿದ್ದರು. ಮೊದಲ ಗಿರಾಕಿ ಹತ್ತಿರದ ಓಸ್ಟ್ರಿಂಗನ್‌ನಲ್ಲಿದ್ದ ನೈಲಾನ್ ನೂಲಿನ ಕಾರ್ಖಾನೆ.

ಅವರು ಹೊರಟ ಕೆಲಸವನ್ನು ನಮ್ಮ ಮಂಡಿ ವ್ಯಾಪಾರದ ಮಾತಿನಲ್ಲಿ ಹೀಗೆ ಹೇಳಬಹುದು. ಕಾರ್ಖಾನೆಯಲ್ಲಿ ಖರೀದಿಗೊಂದು ಪುಸ್ತಕ, ದಾಸ್ತಾನಿಗೊಂದು, ಮಾರಾಟಕ್ಕೊಂದು, ಸಂಬಳಕ್ಕೊಂದು. ನಾಲ್ವರು ಗುಮಾಸ್ತರು ಬರೆಯುವ ನಾಲ್ಕು ಪುಸ್ತಕಗಳ ಲೆಕ್ಕ ತಾಳೆಯಾಗುವುದೇ ಇಲ್ಲ. ಅವುಗಳ ಬದಲು ಒಂದೇ ಪುಸ್ತಕ. ಉಗ್ರಾಣದಿಂದ ಒಂದು ಮೂಟೆ ಹೊರಗೆ ಹೋದ ಗಳಿಗೆಯಲ್ಲೇ ಎಲ್ಲ ಲೆಕ್ಕಗಳಲ್ಲೂ ಅದು ಮೂಡಬೇಕು. ಅಂದಿನ ಕಂಪ್ಯೂಟರುಗಳು ತೂತು ಹೊಡೆದ ಕಾರ್ಡುಗಳ ಕಟ್ಟನ್ನು ನುಂಗಿ ರಾತ್ರಿಯಿಡೀ ಲೆಕ್ಕ ಹಾಕುತ್ತಿದ್ದವು. ಆ ಗಳಿಗೆಯ ಲೆಕ್ಕ ಆ ಗಳಿಗೆಗೇ ಸಿಗಬೇಕೆನ್ನುವುದು ಆಗ ಹೊಸ ಮಾತು. ಇಂದು ಜಗತ್ತಿನ ದೊಡ್ಡ ದೊಡ್ಡ ಕಾರ್ಖಾನೆಗಳ ಜಮಾಖರ್ಚು ನಡೆಯುವುದು ಇಂಥ ತಂತ್ರಾಂಶದ ಮೇಲೆ.

ಕಂಪನಿ ಬೆಳೆದಂತೆ ವಾಲ್‌ಡಾರ್ಫ್ ಕೂಡ ಬೆಳೆಯಿತು. ಇಲ್ಲಿ ಗಮನಿಸಬೇಕಾದ ಒಂದು ವ್ಯವಸ್ಥೆ ಇದೆ. ಜರ್ಮನಿಯಲ್ಲಿ ಉದ್ಯಮಗಳ ಲಾಭದ ಮೇಲೆ ಊರಿನ ಪುರಸಭೆಯೇ ಒಂದು ತೆರಿಗೆ ಹಾಕುತ್ತದೆ. ಅದರ ಪ್ರಮಾಣ ಎಷ್ಟಿರಬೇಕೆಂದು ಊರಿನ ಸಭೆಯೇ ಗೊತ್ತುಮಾಡುತ್ತದೆ. ಬಂದ ಹಣದಲ್ಲಿ ಮೇಲಿನ ಸರ್ಕಾರಗಳಿಗೊಂದು ಪಾಲು ಹೋದರೂ ಉಳಿದದ್ದು ಊರಿನ ಬೊಕ್ಕಸಕ್ಕೆ. ಹೀಗಾಗಿ ಕಂಪನಿಗೆ ಲಾಭವಾದರೆ ಶಾಲೆಗೂ ರಸ್ತೆಗೂ ಶಿಶುವಿಹಾರಕ್ಕೂ ಅದರ ಪಾಲು ಸಿಗುತ್ತದೆ. ಇಷ್ಟು ಚಿಕ್ಕ ವಾಲ್‌ಡಾರ್ಫ್ ಆ ದೇಶದ ಅನುಕೂಲವಂತ ಊರುಗಳ ಸಾಲಿನಲ್ಲಿ ನಿಂತಿರುವುದು ಈ ತೆರಿಗೆಯಿಂದ. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಹಾಪ್ ತಾವು ಹುಡುಗನಾಗಿದ್ದಾಗ ಚೆಂಡಾಡಿದ ಹೊಫೆನ್‌ಹೈಮ್ ಎಂಬ ಹಳ್ಳಿಯ ಫುಟ್‌ಬಾಲ್ ತಂಡಕ್ಕೆ ಹಣ ಸುರಿದರು. 2008ರಲ್ಲಿ ಆ ತಂಡ ದೇಶದ ಮೊದಲ ದರ್ಜೆಯ ಲೀಗಿಗೆ ಏರಿತು. ಅದು ಅವರ ಖಾಸಗಿ ಪ್ರೀತಿ. ತೆರಿಗೆ ಮಾತ್ರ ಯಾರ ಪ್ರೀತಿಯನ್ನೂ ಕಾಯುವುದಿಲ್ಲ. ಕಾನೂನಿನಂತೆ ವರ್ಷ ವರ್ಷವೂ ಬಂದು ಸೇರುತ್ತದೆ.

ನೌಕರಿಯನ್ನು ನೆಚ್ಚದಿರಲೆಂದು ಕಟ್ಟಿದ ಊರು

ಈಗ ಮರಳಿ ವೈಟ್‌ಫೀಲ್ಡಿಗೆ. ಊರಿನ ಹೆಸರು ಬಂದದ್ದು ಡಿ. ಎಸ್. ವೈಟ್ ಎಂಬಾತನಿಂದ. ಮೈಸೂರು ಮತ್ತು ಕೊಡಗು ಸೀಮೆಯ ಆಂಗ್ಲೋ ಇಂಡಿಯನ್ನರ ಸಂಘವನ್ನು ಕಟ್ಟಿದವರು ಅವರು. ಇಂಗ್ಲಿಷರ ಕಣ್ಣಿಗೆ ಪೂರ್ತಿ ಇಂಗ್ಲಿಷರಲ್ಲದ, ದೇಶೀಯರ ಕಣ್ಣಿಗೆ ಪೂರ್ತಿ ದೇಶೀಯರಲ್ಲದ ಈ ಜನ ರೈಲ್ವೆ, ತಂತಿ, ಕಂದಾಯ ಇಲಾಖೆಗಳ ಕೆಳಹಂತದ ನೌಕರಿಗಳನ್ನೇ ನೆಚ್ಚಿಕೊಂಡಿದ್ದರು. ನೌಕರಿ ತಪ್ಪಿದರೆ ಬದುಕಿಗೆ ಬೇರೆ ದಾರಿಯಿರಲಿಲ್ಲ. ಇವರಿಗೆ ಒಂದಿಷ್ಟು ನೆಲ ಸಿಗಲಿ, ಉತ್ತು ಬಿತ್ತು ತಮ್ಮ ಕಾಲ ಮೇಲೆ ತಾವು ನಿಲ್ಲಲಿ ಎಂದು ವೈಟ್ ಬಯಸಿದರು. ಹತ್ತನೆಯ ಚಾಮರಾಜ ಒಡೆಯರು ಸುಮಾರು 3,900 ಎಕರೆ ಭೂಮಿಯನ್ನು ಕೊಟ್ಟರು. 1882ರಲ್ಲಿ ಒಕ್ಕಲು ಶುರುವಾಯಿತು.

ಊರಿನ ನಡುವೆ ಒಂದು ಬಯಲು, ಅದರ ಸುತ್ತ ದುಂಡಗೆ ರಸ್ತೆ, ರಸ್ತೆಯ ಸುತ್ತ ಹೆಂಚಿನ ಮನೆಗಳು, ದೊಡ್ಡ ದೊಡ್ಡ ಹಿತ್ತಲು. ಆ ದುಂಡು ರಸ್ತೆಗೆ ಇಂದಿಗೂ ಇನ್ನರ್ ಸರ್ಕಲ್ ಎಂದೇ ಹೆಸರು. ಹಳೆಯ ಚರ್ಚೊಂದು, ಕೆಲವು ಹಳೆಯ ಬಂಗಲೆಗಳು, ಮಳೆಮರದ ನೆರಳು ಅಲ್ಲಿ ಉಳಿದುಕೊಂಡಿವೆ. 1890ರ ದಶಕದ ಕೊನೆಯಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ವಿನ್‌ಸ್ಟನ್ ಚರ್ಚಿಲ್ ಇಲ್ಲಿನ ವೇವರ್ಲಿ ಇನ್ ಎಂಬ ತಂಗುಮನೆಗೆ ಬರುತ್ತಿದ್ದನೆಂದು, ಅದರ ಮಾಲೀಕನ ಮಗಳ ಮೇಲೆ ಮನಸ್ಸಿಟ್ಟಿದ್ದನೆಂದು ಊರಿನಲ್ಲಿ ಹೇಳಿಕೊಳ್ಳುವುದುಂಟು. ದಾಖಲೆ ಕೇಳಿದರೆ ಯಾರೂ ತೋರಿಸುವುದಿಲ್ಲ. ಆದರೂ ಕತೆ ಮಾತ್ರ ಗಟ್ಟಿಯಾಗಿ ನಿಂತಿದೆ. ಸ್ವಾತಂತ್ರ್ಯ ಬಂದ ಮೇಲೆ ಎಷ್ಟೋ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ಹೊರಟುಹೋದವು. ಉಳಿದದ್ದು ನಿವೃತ್ತರ, ಹಿತ್ತಲು ತೋಟಗಳ ಸಾವಧಾನದ ಊರು. ಪಕ್ಕದ ಕಾಡುಗೋಡಿಯಲ್ಲಿ ಸತ್ಯಸಾಯಿ ಬಾಬಾ ಅವರ ಆಶ್ರಮ. ಅವರು ಬಂದಾಗ ಮಾತ್ರ ಜನಸಂದಣಿ.

1990ರ ದಶಕದಲ್ಲಿ ಸಿಂಗಪುರದ ಕಂಪನಿಗಳು, ಟಾಟಾ ಸಂಸ್ಥೆ, ಕರ್ನಾಟಕ ಸರ್ಕಾರ ಕೂಡಿ ಪಟ್ಟಂದೂರು ಅಗ್ರಹಾರದ ಬಳಿ ತಂತ್ರಜ್ಞಾನದ ಪಾರ್ಕು ಕಟ್ಟಲು ಹೊರಟವು. ಅದೇ ಐಟಿಪಿಎಲ್. ಅಲ್ಲಿಗೇ ಏಕೆ ಎನ್ನುವುದಕ್ಕೆ ಉತ್ತರ ಸುಲಭ. ನೆಲ ಅಗ್ಗ, ಊರಿನ ಗದ್ದಲವಿಲ್ಲ, ಎಚ್‌ಎಎಲ್ ವಿಮಾನ ನಿಲ್ದಾಣ ಹತ್ತಿರ. ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದ ಆ ದಿನಗಳಲ್ಲಿ ಪಾರ್ಕಿಗೆ ಸ್ವಂತ ವಿದ್ಯುತ್ ಸ್ಥಾವರವಿತ್ತು ಎನ್ನುವುದೇ ಒಂದು ದೊಡ್ಡ ಆಕರ್ಷಣೆ. ಅದರ ಮಗ್ಗುಲಲ್ಲಿ ಸರ್ಕಾರ ರಫ್ತು ಉದ್ಯಮಗಳಿಗೆಂದು ಮೀಸಲಿಟ್ಟ ಕೈಗಾರಿಕಾ ಪ್ರದೇಶ. ಎಸ್‌ಎಪಿ ನೆಲೆಯೂರಿದ್ದು ಅಲ್ಲಿ. 2001ರಲ್ಲಿ ಅದೇ ಪ್ರದೇಶದಲ್ಲಿ ಸತ್ಯಸಾಯಿ ಆಸ್ಪತ್ರೆ ಬಾಗಿಲು ತೆರೆಯಿತು. ಅಲ್ಲಿ ಚಿಕಿತ್ಸೆ ಉಚಿತ. ಹೃದಯ, ಮೆದುಳಿನ ಶಸ್ತ್ರಚಿಕಿತ್ಸೆಗೆಂದು ದೂರದ ಊರುಗಳಿಂದ ಬಂದ ಬಡವರು ಒಂದು ಬದಿಯ ಪಾದಚಾರಿ ದಾರಿಯಲ್ಲಿ, ಗುರುತಿನ ಚೀಟಿಯವರು ಇನ್ನೊಂದು ಬದಿಯಲ್ಲಿ ಹೋಗುವುದು ಇಲ್ಲಿನ ದಿನದ ನೋಟ.

ನೌಕರಿಯನ್ನು ನೆಚ್ಚದೆ ನೆಲವನ್ನು ನೆಚ್ಚಿರಲೆಂದು ಕಟ್ಟಿದ ಊರು ಹೀಗೆ ನೌಕರಿಗೇ ಇನ್ನೊಂದು ಹೆಸರಾಯಿತು. ಇದರಿಂದ ಒಳಿತಾಗಿಲ್ಲವೆಂದು ಹೇಳಲಾಗದು. ಸಣ್ಣ ಊರುಗಳ ಮೇಷ್ಟರ ಮಕ್ಕಳು, ಗುಮಾಸ್ತರ ಮಕ್ಕಳು ಇಲ್ಲಿಗೆ ಬಂದು ಅಪ್ಪಂದಿರ ಇಡೀ ವರ್ಷದ ಸಂಬಳವನ್ನು ಒಂದೆರಡು ತಿಂಗಳಲ್ಲಿ ಕಂಡರು. ತಂಗಿಯ ಮದುವೆ, ಊರಿನ ಮನೆ, ಅಪ್ಪನ ಸಾಲ ಎಲ್ಲವೂ ಇಲ್ಲಿನ ಸಂಬಳದಿಂದ ದಡ ಮುಟ್ಟಿದವು. ನಲ್ಲೂರಹಳ್ಳಿ, ಹಗದೂರು, ಹೂಡಿ, ಕುಂದಲಹಳ್ಳಿಗಳಲ್ಲಿ ನೆಲ ಉಳಿಸಿಕೊಂಡಿದ್ದವರು ಐದಂತಸ್ತಿನ ಪೇಯಿಂಗ್ ಗೆಸ್ಟ್ ಮನೆ ಕಟ್ಟಿ ಬಾಡಿಗೆಯಲ್ಲಿ ಬದುಕುವಂತಾದರು. ಮೊದಲೇ ಮಾರಿಕೊಂಡವರ ಮಕ್ಕಳು ಅದೇ ಮನೆಗಳಿಗೆ ನೀರಿನ ಟ್ಯಾಂಕರು ಓಡಿಸುವವರಾದರು.

ಊರಿಗೆ ಬಂದದ್ದು ಎಷ್ಟು? ತಂತ್ರಾಂಶ ಪಾರ್ಕುಗಳ ಯೋಜನೆಯಡಿ ರಫ್ತಿನ ಲಾಭಕ್ಕೆ 2011ರ ಮಾರ್ಚಿನವರೆಗೆ ಆದಾಯ ತೆರಿಗೆ ವಿನಾಯಿತಿ ಇತ್ತು. ಆಮೇಲೆ ಬಂದ ಕಂಪನಿ ತೆರಿಗೆ ದಿಲ್ಲಿಗೆ ಹೋಗುತ್ತದೆ. ಅಲ್ಲಿಂದ ರಾಜ್ಯದ ಪಾಲು ರಾಜ್ಯಕ್ಕೆ. ಊರಿನ ಆಡಳಿತಕ್ಕೆ ನೇರವಾಗಿ ಸಿಗುವುದರಲ್ಲಿ ಮುಖ್ಯವಾದದ್ದು ಕಟ್ಟಡದ ಮೇಲಿನ ಆಸ್ತಿ ತೆರಿಗೆ. ವಾಲ್‌ಡಾರ್ಫಿನ ಪುರಸಭೆಯಂತೆ ಲಾಭದಲ್ಲಿ ಪಾಲು ಕೇಳುವ ಹಕ್ಕು ಇಲ್ಲಿನ ಪಂಚಾಯಿತಿಗೂ ಇರಲಿಲ್ಲ, ನಗರಸಭೆಗೂ ಇರಲಿಲ್ಲ. 2007ರಲ್ಲಿ ಮಹದೇವಪುರ ನಗರಸಭೆ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರಿಹೋಯಿತು. ಕಟ್ಟಡಗಳು ಮೊದಲು ಬಂದವು. ಚರಂಡಿ, ರಸ್ತೆ, ಕುಡಿಯುವ ನೀರು ಆಮೇಲೆ ಕುಂಟುತ್ತ ಬಂದವು. 2015ರ ಹೊತ್ತಿಗೆ ಹತ್ತಿರದ ವರ್ತೂರು ಕೆರೆಯ ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರುತ್ತಿತ್ತು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಲಕ್ಷಗಟ್ಟಲೆ ಸಂಬಳದವರೂ ಟ್ಯಾಂಕರಿಗಾಗಿ ಕಾದರು. ಮೆಟ್ರೊ ರೈಲು ಇಲ್ಲಿಗೆ ಬಂದದ್ದು 2023ರಲ್ಲಿ. ಎಸ್‌ಎಪಿ ಬೆಂಗಳೂರಿಗೆ ಬಂದು ಇಪ್ಪತ್ತೈದು ವರ್ಷ ಆಗುತ್ತ ಬಂದಿತ್ತು. ಇದು ಯಾವುದೋ ಒಂದು ಕಂಪನಿಯ ತಪ್ಪಲ್ಲ. ಕರೆದವರು ಮನೆ ಕಟ್ಟುವ ಮೊದಲೇ ನೆಂಟರನ್ನು ಕರೆದಿದ್ದರು, ಅಷ್ಟೆ.

ಬೂದಿಗೆರೆಯ ದಾರಿ

ಕಾಡುಗೋಡಿಯಿಂದ ಉತ್ತರಕ್ಕೆ ಹೊರಟು ಹಳೇ ಮದರಾಸು ರಸ್ತೆಯನ್ನು ದಾಟಿದರೆ ಬೂದಿಗೆರೆ ಕ್ರಾಸು. ಅಲ್ಲಿಂದ ದೇವನಹಳ್ಳಿಯ ಕಡೆಗೆ ಹೋಗುವ ರಸ್ತೆಯ ಆರಂಭದಲ್ಲಿ ಇಬ್ಬದಿಯೂ ಹದಿನೈದು ಇಪ್ಪತ್ತು ಅಂತಸ್ತಿನ ಮನೆಗಳು. ಎದ್ದವು ಕೆಲವು, ಏಳುತ್ತಿರುವವು ಕೆಲವು. ವೈಟ್‌ಫೀಲ್ಡಿನಲ್ಲಿ ಮನೆ ಕೊಳ್ಳಲಾಗದವರು ಇಲ್ಲಿ ಕೊಳ್ಳುತ್ತಾರೆ. ಇನ್ನೂ ಮುಂದೆ ಹೋದರೆ ಮಂಡೂರು. ಬೆಂಗಳೂರಿನ ಕಸವನ್ನೆಲ್ಲ ವರ್ಷಗಟ್ಟಲೆ ತಂದು ಸುರಿಯುತ್ತಿದ್ದುದು ಈ ಊರಿನ ಪಕ್ಕದಲ್ಲಿ. ನೊಣ, ನಾತ, ಕೆಟ್ಟ ನೀರು ಸಹಿಸಿ ಸಾಕಾದ ಊರಿನವರು 2014ರಲ್ಲಿ ಲಾರಿಗಳನ್ನು ತಡೆದರು. ಆ ವರ್ಷದ ಕೊನೆಗೆ ಕಸ ಸುರಿಯುವುದು ನಿಂತಿತು. ಸುರಿದ ಗುಡ್ಡ ಮಾತ್ರ ಊರಿಗೇ ಉಳಿಯಿತು.

ಮಂಡೂರು ಕಳೆದ ಮೇಲೆ ಗಾಳಿ ಬದಲಾಗುತ್ತದೆ. ಕೆಂಪು ಮಣ್ಣಿನ ಹೊಲ, ರಾಗಿ, ಅವರೆ, ಹಿಪ್ಪುನೇರಳೆ, ಬಲೆ ಹೊದಿಸಿದ ದ್ರಾಕ್ಷಿ ಚಪ್ಪರ, ನಡುವೆ ನೀಲಗಿರಿ ತೋಪು. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ ತುಂಬಿದರೆ ಉಂಟು, ಇಲ್ಲದಿದ್ದರೆ ಸಾವಿರ ಅಡಿ ದಾಟಿದ ಕೊಳವೆಬಾವಿ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಈಗ ಪಂಪು ಮಾಡುತ್ತಾರೆ. ನಗರ ಬಳಸಿ ಬಿಟ್ಟ ನೀರಿನಲ್ಲಿ ಈ ಬಯಲುಸೀಮೆಯ ಕೆರೆಗಳು ಮತ್ತೆ ನೀರು ಕಂಡಿವೆ.

ಇದೇ ಸೀಮೆಯ ಚನ್ನರಾಯಪಟ್ಟಣ ಹೋಬಳಿಯ ಹೆಸರನ್ನು ಪತ್ರಿಕೆ ಓದುವವರು ಮರೆತಿರಲಾರರು. ವೈಮಾಂತರಿಕ್ಷ ಉದ್ಯಮಗಳ ಪಾರ್ಕಿಗಾಗಿ ಹದಿಮೂರು ಹಳ್ಳಿಗಳ 1,777 ಎಕರೆಯನ್ನು ಸರ್ಕಾರ ವಶಪಡಿಸಿಕೊಳ್ಳಲು ಹೊರಟಾಗ ರೈತರು 2022ರ ಏಪ್ರಿಲಿನಲ್ಲಿ ಧರಣಿ ಕೂತರು. ಸಾವಿರಕ್ಕೂ ಹೆಚ್ಚು ದಿನ ಹೋರಾಟ ನಡೆಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಆ ಭೂಮಿಗೂ ಜರ್ಮನ್ ಕಂಪನಿಗೂ ಸಂಬಂಧವಿಲ್ಲ. ಆದರೆ ಒಂದು ತಿಂಗಳ ಅಂತರದಲ್ಲಿ ಒಂದೇ ತಾಲ್ಲೂಕಿನಲ್ಲಿ ಎರಡು ಸುದ್ದಿ ಬಂದವು. ಒಂದು ಕಡೆ ನೆಲ ಬಿಡೆವೆಂದವರು ಗೆದ್ದರು. ಇನ್ನೊಂದು ಕಡೆ 15 ಸಾವಿರ ಜನರ ಕಚೇರಿ ಬಾಗಿಲು ತೆರೆಯಿತು. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ದೇವನಹಳ್ಳಿ ಅರ್ಥವಾದೀತು.

ಚಕ್ಕೋತದ ಸೀಮೆ

ದೇವನಹಳ್ಳಿಯ ಕೋಟೆಗೆ ಐನೂರು ವರ್ಷ ದಾಟಿದೆ. 1501ರಲ್ಲಿ ಆವತಿ ನಾಡಪ್ರಭುಗಳ ಮನೆತನದ ಮಲ್ಲಭೈರೇಗೌಡ ಮಣ್ಣಿನ ಕೋಟೆ ಕಟ್ಟಿಸಿದನೆಂದು ಇತಿಹಾಸ. ಆ ಮನೆತನದ ಹಿರಿಯರೂ ಹೊರಗಿನಿಂದ ಬಂದವರೇ. ಕಂಚಿಯ ಕಡೆಯಿಂದ ಪ್ರಾಣ, ಮಾನ ಉಳಿಸಿಕೊಳ್ಳಲು ರಾತ್ರೋರಾತ್ರಿ ಹೊರಟ ಮೊರಸು ಒಕ್ಕಲಿಗರ ಏಳು ಕುಟುಂಬಗಳು ರಣಭೈರೇಗೌಡನ ಹಿಂದೆ ಗಾಡಿಗಳಲ್ಲಿ ಬಂದು ನಂದಿಯ ಸಮೀಪ ಬೀಡುಬಿಟ್ಟು ಆವತಿಯನ್ನು ಕಟ್ಟಿದವೆಂದು ಐತಿಹ್ಯ. ಬೆಂಗಳೂರಿನ ಕೆಂಪೇಗೌಡರ ಪೂರ್ವಿಕರೂ ಅದೇ ಬಳ್ಳಿಯವರು. ಅವರ ಹೆಸರಿನ ವಿಮಾನ ನಿಲ್ದಾಣ ಇಂದು ಆವತಿಯಿಂದ ಕೆಲವೇ ಮೈಲಿ ದೂರದಲ್ಲಿದೆ.

1749ರಲ್ಲಿ ಮೈಸೂರಿನ ದಳವಾಯಿಗಳು ಈ ಕೋಟೆಯನ್ನು ಮುತ್ತಿದಾಗ ಸಾಮಾನ್ಯ ಸವಾರನಾಗಿದ್ದ ಹೈದರ್ ಅಲಿ ತನ್ನ ಪರಾಕ್ರಮದಿಂದ ಮೊದಲ ಬಾರಿಗೆ ದೊಡ್ಡವರ ಕಣ್ಣಿಗೆ ಬಿದ್ದ. ಅವನ ಮಗ ಟಿಪ್ಪು ಹುಟ್ಟಿದ್ದೂ ಇಲ್ಲೇ. ಕೋಟೆಯ ಹೊರಗೆ ಕಲ್ಲಿನ ಕಂಬಗಳ ಸಣ್ಣ ಮಂಟಪವೊಂದು ಅದರ ಗುರುತು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಕೋಟೆಯನ್ನು ವಶಪಡಿಸಿಕೊಂಡಿತು. ಕೋಟೆಯ ಒಳಗೆ ಈಗಲೂ ಊರಿದೆ, ವೇಣುಗೋಪಾಲಸ್ವಾಮಿಯ ಗುಡಿಯಿದೆ, ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುವ ಹೆಂಗಸರಿದ್ದಾರೆ. ಹುಣಸೆಗೂ ಈ ತಾಲ್ಲೂಕಿಗೂ ಹಳೆಯ ನಂಟು. ನಲ್ಲೂರಿನ ಪುರಾತನ ಹುಣಸೆ ತೋಪು 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು.

ಆದರೆ ದೇವನಹಳ್ಳಿಯ ಹೆಸರನ್ನು ದೂರಕ್ಕೆ ಒಯ್ದದ್ದು ಚಕ್ಕೋತ. ಮಗುವಿನ ತಲೆಯಷ್ಟು ದೊಡ್ಡ ಹಣ್ಣು, ಗಟ್ಟಿ ಸಿಪ್ಪೆ, ಒಳಗೆ ಹುಳಿ ಬೆರೆತ ಸಿಹಿಯ ಕೆಂಬಣ್ಣದ ತೊಳೆ. ಈ ಮಣ್ಣಿನ ರುಚಿ ಬೇರೆ ಕಡೆ ಬರದೆಂದು ಇದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಬಳ್ಳಾರಿ ರಸ್ತೆಯ ಬದಿಯಲ್ಲಿ ಗುಡ್ಡೆ ಹಾಕಿಕೊಂಡು ಮಾರುತ್ತಿದ್ದುದನ್ನು ನಂದಿಬೆಟ್ಟಕ್ಕೆ ಹೋಗಿಬಂದ ಹಳಬರು ಮರೆತಿರಲಿಕ್ಕಿಲ್ಲ. ಗುರುತು ಸಿಕ್ಕುವ ಹೊತ್ತಿಗೆ ಗಿಡಗಳೇ ವಿರಳವಾಗತೊಡಗಿದ್ದವು. ಸುಮಾರು ನಾಲ್ಕು ಸಾವಿರ ಎಕರೆಯ ವಿಮಾನ ನಿಲ್ದಾಣ 2008ರ ಮೇ 24ರಂದು ತೆರೆಯಿತು; ಎಚ್‌ಎಎಲ್ ನಿಲ್ದಾಣದಿಂದ ಸಾಮಾನ್ಯ ಪ್ರಯಾಣಿಕರ ವಿಮಾನಗಳು ಇಲ್ಲಿಗೆ ಬಂದವು. ಅಂದಿನಿಂದ ಹೋಟೆಲಿನ ಬೆಂಚಿನ ಮೇಲೆ ಮಳೆ ಬೆಳೆಯ ಮಾತಿಗಿಂತ ಹೆಚ್ಚು ಕೇಳಿಬರುವ ಮಾತು ‘ಎಕರೆ ಎಷ್ಟಕ್ಕೆ ಹೋಯ್ತಂತೆ?’ ಎನ್ನುವುದು. ಚಕ್ಕೋತ ನೆಟ್ಟು ನಾಲ್ಕೈದು ವರ್ಷ ಕಾಯಬೇಕು. ನಿವೇಶನದ ಕಲ್ಲು ನೆಟ್ಟ ದಿನವೇ ಫಲ.

ವಿಮಾನ ನಿಲ್ದಾಣ ಇಲ್ಲಿಗೆ ಬಂದ ಮೇಲೆ ಕಂಪನಿಗಳೂ ಬಂದದ್ದು ಸಹಜವೇ. ವೈಟ್‌ಫೀಲ್ಡಿನಿಂದ ವಿಮಾನ ಹಿಡಿಯಲು ಎರಡು ತಾಸು ಮೊದಲು ಹೊರಡಬೇಕು. ವಾಲ್‌ಡಾರ್ಫಿನಿಂದ ಬರುವ ಅಧಿಕಾರಿಗೆ ದೇವನಹಳ್ಳಿ ಕೈಗೆಟುಕುವ ದೂರ.

ಕೆಲಸ ಯಾರಿಗೆ?

ಇಂಥ ಕಚೇರಿಗಳಲ್ಲಿ ಕೆಲಸ ಸಿಗುವ ದಾರಿ ಬಹುಮಟ್ಟಿಗೆ ಗೊತ್ತಿರುವಂಥದೇ. ಹೆಸರಾಂತ ಎಂಜಿನಿಯರಿಂಗ್ ಕಾಲೇಜುಗಳಿಗೆ ಕಂಪನಿಯವರು ಕೊನೆಯ ವರ್ಷಕ್ಕೆ ಮೊದಲೇ ಹೋಗುತ್ತಾರೆ. ಕಂಪ್ಯೂಟರಿನ ಮೇಲೆ ಪರೀಕ್ಷೆ, ಎರಡು ಮೂರು ಸುತ್ತು ಸಂದರ್ಶನ, ಎಲ್ಲವೂ ಇಂಗ್ಲಿಷಿನಲ್ಲಿ. ಸೇರಿದ ಮೇಲೆ ಜರ್ಮನಿಯ ಸಹೋದ್ಯೋಗಿಗಳ ಜೊತೆ ದಿನವೂ ಮಾತುಕತೆ. ಅಲ್ಲಿಗೂ ಇಲ್ಲಿಗೂ ಬೇಸಗೆಯಲ್ಲಿ ಮೂರೂವರೆ ತಾಸು, ಚಳಿಗಾಲದಲ್ಲಿ ನಾಲ್ಕೂವರೆ ತಾಸಿನ ಅಂತರ. ಹೀಗಾಗಿ ಅಮೆರಿಕದ ಕಂಪನಿಗಳಲ್ಲಿರುವವರಂತೆ ನಡುರಾತ್ರಿ ಎಚ್ಚರವಿರಬೇಕಾಗಿಲ್ಲ. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಅಲ್ಲಿಯವರು ಬೆಳಗಿನ ಕಾಫಿ ಮುಗಿಸಿ ಕೂತಿರುತ್ತಾರೆ. ಬೆಂಗಳೂರಿನ ಕೇಂದ್ರ ಬರೀ ಹೇಳಿದ್ದನ್ನು ಮಾಡುವ ಹಂತವನ್ನು ಎಂದೋ ದಾಟಿದೆ. ಜರ್ಮನಿಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿ ಮರಳಿ ಬಂದ ಸಿಂಧು ಗಂಗಾಧರನ್ 2019ರಲ್ಲಿ ಇದರ ಮುಖ್ಯಸ್ಥರಾದರು. ಈ ಹುದ್ದೆಗೆ ಬಂದ ಮೊದಲ ಮಹಿಳೆ ಅವರು.

ಈ ಕಂಪನಿಯ ನೇಮಕದಲ್ಲಿ ಮೆಚ್ಚಬೇಕಾದ ಎರಡು ಸಂಗತಿಗಳುಂಟು. ಆಟಿಸಂ ಇರುವವರಿಗೆ ಮಾತುಕತೆ, ನಗು, ನೋಟದ ಲೋಕವಹಿವಾಟು ಕಷ್ಟ. ಆದರೆ ಅವರಲ್ಲಿ ಕೆಲವರಿಗೆ ಇತರರ ಕಣ್ಣಿಗೆ ಬೀಳದ ತಪ್ಪು ಕಣ್ಣಿಗೆ ಬೀಳುತ್ತದೆ. ತಂತ್ರಾಂಶದ ಪರೀಕ್ಷೆಗೆ ಬೇಕಾದದ್ದೂ ಅದೇ. ಬೆಂಗಳೂರಿನಲ್ಲಿ ಇಂಥ ಕೆಲವರನ್ನು ಸೇರಿಸಿಕೊಂಡು ಮಾಡಿದ ಪ್ರಯೋಗ ಫಲಿಸಿದ ಮೇಲೆ, 2013ರಲ್ಲಿ ಕಂಪನಿ ಅದನ್ನು ಜಗತ್ತಿನ ಇತರ ಕೇಂದ್ರಗಳಿಗೂ ವಿಸ್ತರಿಸುವುದಾಗಿ ಸಾರಿತು. ಎರಡನೆಯದು, ಬಿಸಿಎ, ಬಿಎಸ್ಸಿ ಮುಗಿಸಿದವರನ್ನು ಕೆಲಸಕ್ಕೆ ಸೇರಿಸಿಕೊಂಡು, ಕೆಲಸ ಮಾಡುತ್ತಲೇ ಪಿಲಾನಿಯ ಬಿಟ್ಸ್ ಸಂಸ್ಥೆಯಿಂದ ಎಂ.ಟೆಕ್ ಓದಿಸುವ ಯೋಜನೆ. ಎಂಜಿನಿಯರಿಂಗ್ ಸೀಟಿಗೆ ದುಡ್ಡು ಹೊಂದಿಸಲಾಗದ ಮನೆಯ ಮಕ್ಕಳಿಗೂ ಹೀಗೊಂದು ಬಾಗಿಲಿದೆ. ಮೊದಲನೆಯ ಪ್ರಯೋಗ ತೋರಿಸಿಕೊಟ್ಟದ್ದೇನೆಂದರೆ, ಕಂಪನಿ ಮನಸ್ಸು ಮಾಡಿದರೆ ಸಂದರ್ಶನದ ಪದ್ಧತಿಯನ್ನೇ ಬದಲಿಸಬಲ್ಲದು ಎನ್ನುವುದನ್ನು.

ದೇವನಹಳ್ಳಿಯ, ವಿಜಯಪುರದ ಸರ್ಕಾರಿ ಕಾಲೇಜಿನಲ್ಲಿ ಓದುವ ರೇಷ್ಮೆ ಬೆಳೆಗಾರನ ಮಗಳಿಗೆ ಇಂಥ ಬಾಗಿಲಿನ ಸುದ್ದಿ ಮುಟ್ಟುತ್ತದೆಯೇ ಎನ್ನುವುದು ಮುಖ್ಯ ಪ್ರಶ್ನೆ. ಇಲ್ಲಿಯವರೆಗೆ ಊರಿನವರಿಗೆ ಸುಲಭವಾಗಿ ದಕ್ಕಿರುವುದು ಬೇರೆ ಕೆಲಸಗಳು. ಗೇಟಿನ ಕಾವಲು, ಕಸ ಗುಡಿಸುವುದು, ಅಡುಗೆಮನೆ, ತೋಟ, ಕಾರು. ಅದೂ ಕಂಪನಿಯ ನೇರ ನೌಕರಿಯಲ್ಲ, ಗುತ್ತಿಗೆದಾರನ ಮೂಲಕ. ಇದಕ್ಕೆ ಕಾನೂನಿನ ಮದ್ದು ಹುಡುಕಲು ರಾಜ್ಯ ಸರ್ಕಾರ 2024ರ ಜುಲೈನಲ್ಲಿ ಹೊರಟಿತ್ತು. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎನ್ನುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗುಲ್ಲೆಬ್ಬಿಸಿದರು, ಕೆಲವೇ ದಿನಗಳಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು.

ಹೊರಗಿನವರು ಬಾರದಿರಲೆಂದು ಹೇಳುವುದು ಈ ಸೀಮೆಯ ಸ್ವಭಾವವಲ್ಲ. ಗಾಡಿಗಳಲ್ಲಿ ಬಂದ ಏಳು ಕುಟುಂಬಗಳು ಕಟ್ಟಿದ ನಾಡು ಇದು. ವೈಟ್‌ಫೀಲ್ಡೂ ಬಂದವರು ಕಟ್ಟಿದ ಊರೇ. ವಾಲ್‌ಡಾರ್ಫಿನ ಹೆಸರು ಹಬ್ಬಿದ್ದು ಹೊರಗೆ ಹೋದವನಿಂದ. ಬರುವವರ ವಿಚಾರದಲ್ಲಿ ತಕರಾರಿಲ್ಲ. ನೆಲ ಕೊಟ್ಟವರ ಲೆಕ್ಕ ಯಾವ ಪುಸ್ತಕದಲ್ಲಿ ಬರೆದಿದೆ ಎನ್ನುವುದೇ ಪ್ರಶ್ನೆ. ಉಗ್ರಾಣದಿಂದ ಒಂದು ಮೂಟೆ ಹೋದ ಗಳಿಗೆಯಲ್ಲೇ ಎಲ್ಲ ಲೆಕ್ಕದಲ್ಲೂ ಮೂಡಬೇಕೆಂದು ಹೊರಟ ಕಂಪನಿಯ ಎದುರಿಗೇ, ಊರಿನಿಂದ ಹೋದ ನೆಲ, ನೀರು ಯಾರ ಲೆಕ್ಕಕ್ಕೂ ಬಾರದೆ ಉಳಿದುಬಿಡಬಾರದು. ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಹೇಳುತ್ತದೆ. ಅದು ಯಾವ ಊರಿಗೆ ಎಂದು ನಿರ್ಧರಿಸುವವರು ಕಂಪನಿಯವರು. ವಾಲ್‌ಡಾರ್ಫಿನ ಸಭೆ ತನ್ನ ಪಾಲನ್ನು ತಾನೇ ಗೊತ್ತುಮಾಡುತ್ತದೆ. ದೇವನಹಳ್ಳಿಯ ಪುರಸಭೆಗೆ, ಸುತ್ತಲಿನ ಪಂಚಾಯಿತಿಗಳಿಗೆ ಆ ಅಧಿಕಾರವಿಲ್ಲ. ವೈಟ್‌ಫೀಲ್ಡಿಗೆ ಇದೆಲ್ಲ ತಿಳಿಯುವ ಹೊತ್ತಿಗೆ ತಡವಾಗಿತ್ತು. ದೇವನಹಳ್ಳಿಗೆ ಇನ್ನೂ ಹೊತ್ತು ಮೀರಿಲ್ಲ. ಇಲ್ಲಿ ಹೊಲಗಳಿವೆ, ಕೆರೆಗಳಿವೆ, ನೆಲದ ಬೆಲೆಯ ಜೊತೆಗೆ ಮಾತಿನ ಬೆಲೆಯನ್ನೂ ಅರಿತ ರೈತರಿದ್ದಾರೆ.

ಸಂಜೆ ಕೋಟೆಯ ಬುರುಜನ್ನು ಹತ್ತಿದರೆ ಒಂದು ಕಡೆ ನಂದಿಯ ಸಾಲು ಬೆಟ್ಟಗಳು ಕಪ್ಪಾಗುತ್ತಿರುತ್ತವೆ. ಇನ್ನೊಂದು ಕಡೆ ಗಳಿಗೆಗೊಂದು ವಿಮಾನ ದೀಪ ಹಚ್ಚಿಕೊಂಡು ಇಳಿಯುತ್ತದೆ. ಕೆಳಗೆ ಬೀದಿಯಲ್ಲಿ ಕಾಲೇಜು ಮುಗಿಸಿ ಬಸ್ಸಿಳಿದ ಹುಡುಗಿಯರ ಗುಂಪು. ಯಾವುದೋ ಹಳೆಯ ಮನೆಯ ಹಿತ್ತಲ ಗೋಡೆಯಾಚೆಗೆ ಚಕ್ಕೋತದ ಮರವೊಂದು ಇನ್ನೂ ನಿಂತಿದೆ. ಎಲೆಗಳ ನಡುವೆ ನಾಲ್ಕಾರು ಹಣ್ಣು. ಅದರ ಕೊಂಬೆಯಿಂದ ಕಸಿ ಕಟ್ಟಿ ಹೊಸ ಗಿಡ ಎಬ್ಬಿಸಬಲ್ಲವರು ಊರಿನಲ್ಲಿ ಇದ್ದಾರೆ. ನೆಡುವುದಕ್ಕೆ ನೆಲ ಉಳಿಯಬೇಕು, ಅಷ್ಟೆ.